ಬೈದರೆ ಮಾತ್ರ ರಿಪೇರಿ

ಹರಿಹರದ ಆ ಅಜ್ಜನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿದ್ದಾಗ ಆ ಹೆಸರು ಅಚ್ಚಾದದ್ದು ಎರಡೇ ಸಲ, ಒಮ್ಮೆ ಮಗಳ ಮದುವೆಯ ಕರೆಯೋಲೆಯಲ್ಲಿ, ಇನ್ನೊಮ್ಮೆ ಮತದಾರರ ಪಟ್ಟಿಯಲ್ಲಿ. ಎರಡರಲ್ಲೂ ತಪ್ಪಾಗಿತ್ತಂತೆ. ಮೂರನೆಯ ತಪ್ಪು ನನ್ನಿಂದ ಆಗುವುದು ಬೇಡ. ಹೇಗೂ ಆ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಪ್ಯಾಟ್ರನ್ ಅಜ್ಜ ಅಂದರೆ ಮಾತ್ರ ಮಕ್ಕಳು ಕೂಡ ಮನೆ ಬಾಗಿಲವರೆಗೆ ತಂದು ಬಿಡುತ್ತಿದ್ದವು.

ಕಾರ್ಖಾನೆಗಳಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕಡೆದುಕೊಡಬೇಕಾಗುತ್ತದೆ. ಆ ಮರದ ಮಾದರಿಗೆ ಪ್ಯಾಟ್ರನ್ ಅನ್ನುತ್ತಾರೆ. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಈ ಕೆಲಸ ಮಾಡಿ, ಕಾರ್ಖಾನೆ ಮುಚ್ಚಿದ ಮೇಲೆ ಅವರು ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಾರ್ಮೋನಿಯಂ ರಿಪೇರಿಗೆ ಕೂತಿದ್ದರು. ಸುತ್ತಲ ಹಳ್ಳಿಗಳ ಭಜನೆ ಪೆಟ್ಟಿಗೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು.

ಅವರ ಬಳಿ ಕಾರ್ಖಾನೆಯಿಂದ ತಂದ ಒಂದು ಅಳತೆಪಟ್ಟಿ ಇತ್ತು. ಅದರ ಒಂದು ಅಡಿ ಜಗತ್ತಿನ ಒಂದು ಅಡಿಗಿಂತ ಸ್ವಲ್ಪ ಉದ್ದ. ಕಬ್ಬಿಣ ಆರಿದ ಮೇಲೆ ಕುಗ್ಗುತ್ತದೆ, ಆದ್ದರಿಂದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು, ಅದಕ್ಕೆಂದೇ ಮಾಡಿದ ಪಟ್ಟಿ ಅದು. ಕಬ್ಬಿಣಕ್ಕೆ ಸರಿ. ಅಜ್ಜ ಅದರಲ್ಲೇ ಮಗಳ ಮದುವೆಯ ಮಂಚವನ್ನೂ ಅಳೆದು ಮಾಡಿಬಿಟ್ಟಿದ್ದರು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು. ಬೀಗರು ಹೊರಗೆ ನಿಂತಿದ್ದಾರೆ, ಅಜ್ಜ ಕಾಲು ಕೊಯ್ಯಲು ಒಪ್ಪುತ್ತಿಲ್ಲ. "ಮೂರು ದಿನ ಅಂಗಳದಾಗ ಇತ್ತು ನೋಡ್ರಿ. ಆರ್ಲಿ, ಕುಗ್ಗತೈತೆ ಅಂತ ಕುಂತಿದ್ರು. ಮಂಚ ಏನು ಕಬ್ಬಿಣದ್ದಾ?" ಎಂದು ಅಜ್ಜಿ ಈ ಕಥೆಯನ್ನು ನನಗೆ ಕನಿಷ್ಠ ಆರು ಸಲ ಹೇಳಿದ್ದರು. ಅಜ್ಜ ಆರೂ ಸಲ ಅದನ್ನು ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ಕೇಳುತ್ತಿದ್ದರು.

ನಾನು ಅವರ ಬಳಿ ಹೋಗುವಂತಾದದ್ದು ನನ್ನದೇ ಒಂದು ಘನಕಾರ್ಯದಿಂದ. ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ವಿದ್ಯಾನಗರದಲ್ಲಿ. ನನ್ನ ಹೆಂಡತಿ ಸುಜಾತ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಬರುವಾಗ ಅವಳು ತನ್ನ ಸೀರೆಗಳ ಜೊತೆ ಒಂದು ಗಿಟಾರನ್ನೂ ತಂದಿದ್ದಳು, ಕಾಲೇಜು ದಿನಗಳದ್ದು. ಅದು ಹನ್ನೊಂದು ವರ್ಷಗಳಿಂದ ಬೀರುವಿನ ಮೇಲೆ ಮಲಗಿತ್ತು. ಮನೆಗೆ ಬಂದವರು ಅದೇನು ಎಂದು ಕೇಳಿದರೆ ನಾನು "ನಮ್ಮ ಮನೆಯವರದು, ಚೆನ್ನಾಗಿ ನುಡಿಸ್ತಾರೆ" ಎನ್ನುತ್ತಿದ್ದೆ. ಸುಜಾತ ಅಷ್ಟರಲ್ಲಿ ಚಹಾ ತರಲು ಒಳಗೆ ಹೋಗಿರುತ್ತಿದ್ದಳು.

ಆ ವರ್ಷದ ಆಯುಧಪೂಜೆಯ ದಿನ ನನ್ನ ಅವ್ವ ಮನೆಯ ಸಕಲ ಸಾಮಾನುಗಳನ್ನು ತೊಳೆಯಲು ನಿಂತಳು. ಸ್ಕೂಟರ್ ಆಯಿತು, ಮಿಕ್ಸಿ ಆಯಿತು, ಈಳಿಗೆ ಆಯಿತು. "ಅದೂ ಒಂದು ದುಡಿಯೋ ವಸ್ತೂನೇ ಅಲ್ಲೇನೋ, ಧೂಳು ನೋಡು ಹೆಂಗೆ ಕುಂತೈತೆ" ಎಂದು ಗಿಟಾರನ್ನೂ ಇಳಿಸಿ, ನಲ್ಲಿಯ ಕೆಳಗೆ ಹಿಡಿದು, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದಳು. ಒಳಗೂ ಒಂದು ಚೊಂಬು ನೀರು ಹಾಕಿ ಕುಲುಕಿದಳು. ಆಮೇಲೆ ಮಧ್ಯಾಹ್ನದವರೆಗೆ ಬಿಸಿಲಿಗೆ ಒರಗಿಸಿದಳು. ಪೂಜೆಯ ಹೊತ್ತಿಗೆ ಅದರ ಹೊಟ್ಟೆಯ ಹಲಗೆ ಉಬ್ಬಿ, ತಂತಿ ಕಟ್ಟಿದ ಪಟ್ಟಿ ಎದ್ದು ನಿಂತಿತ್ತು. ಆದರೆ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರದ ಕೆಳಗೆ ನಮಗೆ ಯಾರಿಗೂ ಅದು ಕಾಣಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ತಪ್ಪು ಅವ್ವನದಾಗುತ್ತಿತ್ತು. ಸ್ಕೂಟರಿನ ಎರಡು ಗಾಲಿಗಳ ಕೆಳಗೆ ಎರಡು ನಿಂಬೆಹಣ್ಣು ಇಟ್ಟದ್ದಾಯಿತು. ಅವ್ವ ಮೂರನೆಯದನ್ನು ಸ್ಕೂಟರಿನ ಪಕ್ಕ ಮಲಗಿಸಿದ್ದ ಗಿಟಾರಿನ ಮುಂದಿಟ್ಟಳು. ನಾನು ಗಾಡಿ ಹತ್ತಿ ನನ್ನ ಎರಡನ್ನು ತುಳಿಸಿದೆ. "ಅದೊಂದು ಉಳೀತಲ್ಲೋ" ಎಂದಳು ಅವ್ವ. ಗಿಟಾರಿಗೆ ಗಾಲಿ ಇಲ್ಲ, ಆದ್ದರಿಂದ ಅದರ ನಿಂಬೆಹಣ್ಣನ್ನೂ ಸ್ಕೂಟರೇ ತುಳಿಯಬೇಕು ಎಂಬುದು ಅವಳ ತೀರ್ಮಾನ. ಹದಿನೈದು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನಾನು ಆ ತೀರ್ಮಾನವನ್ನು ಒಪ್ಪಿ ಹ್ಯಾಂಡಲ್ ತಿರುಗಿಸಿದೆ. ನಿಂಬೆಹಣ್ಣು ಜಾರಿತು, ಗಾಲಿ ಗಿಟಾರಿನ ಕುತ್ತಿಗೆ ಹತ್ತಿತು, ಅಲ್ಲಿಂದ ಹೊಟ್ಟೆಗೆ ಇಳಿಯಿತು.

ಸುಜಾತ ಆರತಿ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. "ಹೋಗ್ಲಿ ಬಿಡ್ರಿ, ಯಾರು ನುಡಿಸ್ತಿದ್ರು" ಎಂದಳು. ಆರತಿ ಮುಗಿಸಿದಳು. ಚೂರುಗಳನ್ನು ಆಯ್ದು ಹಳೆಯ ಸೀರೆಯಲ್ಲಿ ಸುತ್ತಿ ಮತ್ತೆ ಬೀರುವಿನ ಮೇಲಿಟ್ಟಳು. ಸಂಜೆ ಹೋಳಿಗೆಗೆ ತುಪ್ಪವನ್ನೂ ಎಂದಿನಷ್ಟೇ ಹಾಕಿದಳು. ನಾನು ಮರುದಿನವೇ ರಿಪೇರಿ ಮಾಡುವವರನ್ನು ವಿಚಾರಿಸತೊಡಗಿದೆ.

ಶಾಲೆಯ ಸಹೋದ್ಯೋಗಿಯೊಬ್ಬರು ಪ್ಯಾಟ್ರನ್ ಅಜ್ಜನ ವಿಳಾಸ ಕೊಟ್ಟರು. ಸುಜಾತಳಿಗೆ ತಿಳಿಯದಂತೆ ಸರಿಮಾಡಿಸಿ ತಂದು ಅಚ್ಚರಿಪಡಿಸಬೇಕೆಂದು ನಾನು ಬೀರುವಿನ ಮೇಲಿನ ಸೀರೆಯ ಒಳಗೆ ಎರಡು ದಿಂಬು ತುಂಬಿಟ್ಟು, ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹರಿಹರದ ಬಸ್ ಹತ್ತಿದೆ. ಗುಟ್ಟಿನಲ್ಲಿ ಅವ್ವನಿಗೂ ಪಾಲಿತ್ತು. ಅವಳು ಗಿಟಾರು ಹುಷಾರಾದರೆ ಉಕ್ಕಡಗಾತ್ರಿಗೆ ಬಂದು ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತಿದ್ದಳು.

ಅಜ್ಜ ಗಂಟು ಬಿಚ್ಚಿ ನೋಡಿದರು. ಸಣ್ಣ ಆಳು, ಕಿವಿಯಲ್ಲಿ ಬಡಗಿ ಪೆನ್ಸಿಲ್, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲು ಹೊಟ್ಟೆಯೊಳಗೆ ಮೂಗಿಟ್ಟು ವಾಸನೆ ನೋಡಿದರು.

"ಏನಾತು?"

"ಬಸ್ಸಿನಲ್ಲಿ ಯಾರೋ ಮೂಟೆ ಹಾಕಿಬಿಟ್ರು" ಎಂದೆ. ದಾರಿಯುದ್ದಕ್ಕೂ ಇದನ್ನೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಅಜ್ಜ ಒಡೆದ ಕುತ್ತಿಗೆಯ ಸೀಳಿನಿಂದ ಏನನ್ನೋ ಉಗುರಲ್ಲಿ ಎಬ್ಬಿಸಿ ಅಂಗೈ ಮೇಲಿಟ್ಟು ತೋರಿಸಿದರು. ಒಂದು ನಿಂಬೆಬೀಜ.

"ಬಸ್ಸಿಗೆ ಪೂಜಿ ಮಾಡಿದ್ರಾ?"

ನಾನು ಎಲ್ಲವನ್ನೂ ಒಪ್ಪಿಕೊಂಡೆ. ನೀರು, ಸೋಪಿನ ಪುಡಿ, ಬಿಸಿಲು, ಮೂರನೆಯ ನಿಂಬೆಹಣ್ಣು. ಮರ ನೀರು ಕುಡಿದಾಗ ಏನಾಗುತ್ತದೆ, ಹಲಗೆ ಉಬ್ಬಿದರೆ ಕಂಪನ ಹೇಗೆ ಕೆಡುತ್ತದೆ ಎಂದು ವಿವರಿಸಲು ಕೂಡ ಶುರು ಮಾಡಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡರು.

"ಇದನ್ನೆಲ್ಲ ನೀವು ಗಾಡಿ ಹತ್ತಿಸೋಕಿಂತ ಮೊದ್ಲು ಓದಿದ್ರೋ, ಆಮ್ಯಾಲೆ ಓದಿದ್ರೋ?"

ಒಳಗಿನಿಂದ ಮಂಡಕ್ಕಿ ತಟ್ಟೆ ಹಿಡಿದು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಗಿಟಾರನ್ನು ಒಂದು ಸಲ ನೋಡಿ, "ಹೋಗೈತೆ ಇದು" ಎಂದರು. ಅಜ್ಜನಿಗೆ ಮೂರು ವಾರ ಹಿಡಿಯುವ ತೀರ್ಪನ್ನು ಅಜ್ಜಿ ಬಾಗಿಲಲ್ಲಿ ನಿಂತೇ ಕೊಡುತ್ತಿದ್ದರು. ಅಜ್ಜ ಅದನ್ನು ಯಾವತ್ತೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಯಾರ್ದು ಇದು?"

"ನನ್ನದೇ."

ಅವರು ನನ್ನ ಎಡಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಇವು ಚಾಕ್‌ಪೀಸ್ ಹಿಡಿಯೋ ಬೆರಳು. ತಂತಿ ಒತ್ತಿದ ಬೆರಳಲ್ಲ. ಮನಿಯೋರ್ದಾ?"

"ಹೌದು."

"ಬೈದ್ರಾ ನಿಮಗ?"

"ಇಲ್ಲ. ಹೋಗ್ಲಿ ಬಿಡ್ರಿ ಅಂದ್ರು."

ಅಜ್ಜನ ಮುಖ ಮೊದಲ ಸಲ ಚಿಂತೆಗೆ ಬಿತ್ತು. ಅಷ್ಟು ಹೊತ್ತು ಕುತ್ತಿಗೆ ಮುರಿದದ್ದಕ್ಕೆ, ಹೊಟ್ಟೆ ಬಿರಿದದ್ದಕ್ಕೆ ಏನೂ ಅನ್ನದವರು ಈಗ ಕನ್ನಡಕ ತೆಗೆದಿಟ್ಟರು. "ಹಂಗಾದ್ರೆ ಕಷ್ಟ ಐತೆ ಮೇಷ್ಟ್ರೇ" ಎಂದರು. ನೀರು ಆರಬೇಕು, ಅದಕ್ಕೆ ಅವಸರ ಮಾಡುವಂತಿಲ್ಲ, ಅಲ್ಲಿಯವರೆಗೆ ರಿಪೇರಿ ಬೇಕೋ ಬೇಡವೋ ಹೇಳುವುದಿಲ್ಲ ಎಂದು ಗಿಟಾರನ್ನು ಶೆಡ್ಡಿನ ತೊಲೆಗೆ ಹಗ್ಗ ಕಟ್ಟಿ ನೆರಳಲ್ಲಿ ತೂಗು ಹಾಕಿದರು.

ಹಾಗೆ ಶುರುವಾದವು ನನ್ನ ಭಾನುವಾರಗಳು. ನಮ್ಮ ಶಾಲೆಯ ಸ್ಕೌಟ್ಸ್ ಉಸ್ತುವಾರಿ ನನ್ನದೇ ಆದ್ದರಿಂದ ಕೊಂಡಜ್ಜಿಯಲ್ಲಿ ತರಬೇತಿ ಇದೆ ಎಂದು ಮನೆಯಲ್ಲಿ ಹೇಳಿದೆ. ಸುಳ್ಳಿಗೆ ತಕ್ಕ ಉಡುಪು ಬೇಕಲ್ಲ. ಪ್ರತಿ ಶನಿವಾರ ಸುಜಾತ ನನ್ನ ಖಾಕಿ ಚಡ್ಡಿಗೆ, ಕೊರಳಿನ ಸ್ಕಾರ್ಫಿಗೆ ಇಸ್ತ್ರಿ ಹಾಕುತ್ತಿದ್ದಳು. ಪ್ರತಿ ಭಾನುವಾರ ನಾನು ಅವನ್ನು ತೊಟ್ಟು ಹರಿಹರದ ಶೆಡ್ಡಿನಲ್ಲಿ ಹಾರ್ಮೋನಿಯಂಗಳ ನಡುವೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ನಾನು ಬಾಗಿಲಿಗೆ ಬಂದಾಗಲೆಲ್ಲ ಅಜ್ಜ ಎದ್ದು ನಿಂತು ಮೂರು ಬೆರಳಿನ ಸೆಲ್ಯೂಟ್ ಹೊಡೆಯುತ್ತಿದ್ದರು. ನಾನೂ ತಿರುಗಿ ಹೊಡೆಯುತ್ತಿದ್ದೆ. ಬೇರೆ ದಾರಿಯಿರಲಿಲ್ಲ.

ಅವರು ಬೈಗುಳದ ಬಗ್ಗೆ ಯಾಕೆ ಕೇಳಿದರು ಎಂಬುದು ನನಗೆ ತಿಳಿದದ್ದು ಮೂರನೆಯ ಭಾನುವಾರ. ಒಂದು ಹಳ್ಳಿಯ ಭಜನಾ ಮಂಡಳಿಯ ಎಂಟು ಜನ ಟ್ರ್ಯಾಕ್ಟರಿನಲ್ಲಿ ಹಾರ್ಮೋನಿಯಂ ತಂದಿದ್ದರು. ಅದರ ಗಾಳಿ ಊದುವ ತಿದಿಯನ್ನು ಇಲಿ ಕಡಿದು ಗೂಡು ಮಾಡಿ ಮರಿ ಹಾಕಿ ಸಂಸಾರ ಮುಗಿಸಿಕೊಂಡು ಹೋಗಿತ್ತು.

"ಯಾವಾಗ ನೋಡಿದ್ರಿ?" ಎಂದರು ಅಜ್ಜ.

"ಮೊನ್ನೆ ರೀ. ಎಷ್ಟು ದಿನ ಆಗಿತ್ತೋ ಗೊತ್ತಿಲ್ಲ. ಹೋಗ್ಲಿ ಬಿಡ್ರಿ, ಏನೋ ಒಂದು ಮಾಡಿ ಕೊಡ್ರಿ."

"ಆಗಂಗಿಲ್ಲ. ತಗಂಡು ಹೋಗ್ರಿ."

ಎಂಟೂ ಜನ ಪೆಚ್ಚಾಗಿ ಪೆಟ್ಟಿಗೆಯನ್ನು ಟ್ರ್ಯಾಕ್ಟರಿಗೆ ಹೇರಿದರು. ಅಲ್ಲಿ ಜಗಳ ಹತ್ತಿತು. ಪೆಟ್ಟಿಗೆ ಕೀಲಿ ಯಾರ ಬಳಿ ಇತ್ತು, ಗುಡಿಯಲ್ಲಿ ಜೋಳದ ಚೀಲ ಇಟ್ಟವರು ಯಾರು, ಅಪ್ಪನ ಕಾಲದಿಂದ ನುಡಿಸಿದ ಪೆಟ್ಟಿಗೆ ಇಲಿ ಬಾಯಿಗೆ ಹಾಕಿದ್ರಲ್ಲೋ ಎಂದು ಒಬ್ಬ ಮುದುಕ ಟವೆಲ್ಲು ಬೀಸಿ ಕೂಗಾಡಿದ. ಇನ್ನೊಬ್ಬನಿಗೆ ಅಳುವೇ ಬಂತು. ಅಜ್ಜ ಕೈಯಲ್ಲಿನ ಉಳಿಯನ್ನು ಕೆಳಗಿಟ್ಟು ಆ ಜಗಳವನ್ನು ಕಚೇರಿ ಕೇಳುವವರಂತೆ ತಲೆ ತೂಗುತ್ತ ಕೇಳಿದರು. ಆಮೇಲೆ ಹೊರಗೆ ಹೋಗಿ, "ಇಳಿಸ್ರಿ ಪೆಟ್ಟಿಗಿ. ಈಗ ಮಾಡಬೋದು" ಎಂದರು.

ನನ್ನ ಕಡೆ ತಿರುಗಿ ಹೇಳಿದರು: "ನಾನು ಎಷ್ಟೋ ಪೆಟ್ಟಿಗಿ ಸುಮ್ಮನ ರಿಪೇರಿ ಮಾಡಿ ಕೊಟ್ಟೀನಿ ಮೇಷ್ಟ್ರೇ. ಹೋಗ್ಲಿ ಬಿಡ್ರಿ ಅಂದವರ ಮನ್ಯಾಗ ಅವು ಮತ್ತ ಅಟ್ಟಕ್ಕೇ ಹೋದ್ವು. ಒಡೆದದ್ದಕ್ಕ ಯಾರಿಗೂ ಸಿಟ್ಟಿಲ್ಲ ಅಂದ್ರ, ಕೂಡಿಸಿ ಯಾರಿಗೆ ಕೊಡ್ಲಿ?"

ಅಂದರೆ ಗಿಟಾರು ಉಳಿಯಬೇಕಾದರೆ ಸುಜಾತ ನನ್ನನ್ನು ಬೈಯಬೇಕು. ನಾನು ಪ್ರಯತ್ನಕ್ಕೆ ಇಳಿದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದೆ. ಗ್ಯಾಸ್ ಬುಕ್ ಮಾಡುವುದನ್ನು ಮರೆತೆ. ಅವಳ ತಾಯಿ ಮಾಡಿ ಕಳಿಸಿದ ಉಪ್ಪಿನಕಾಯಿ ಕಹಿ ಎಂದೆ. ಮದುವೆಯಾದವರಿಗೆ ಗೊತ್ತು, ಇದಕ್ಕಿಂತ ಮುಂದೆ ಹೋಗುವಂತಿಲ್ಲ. "ಹೋಗ್ಲಿ ಬಿಡ್ರಿ, ಅವರಿಗೂ ವಯಸ್ಸಾತು" ಎಂದಳು. ಕೊನೆಗೆ ಒಂದು ದಿನ ನೇರವಾಗಿ, "ಅವತ್ತು ತಪ್ಪು ನಂದೇ ಕಣೆ" ಎಂದೆ. "ಹೋಗ್ಲಿ ಬಿಡ್ರಿ ಅಂದ್ನಲ್ಲ" ಎಂದು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂತಳು. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಆ ಮಾತು ಕೇಳಿದ್ದೆನೋ. ಎಂಥ ಒಳ್ಳೆಯ ಸ್ವಭಾವ ಎಂದು ಗೆಳೆಯರ ಮುಂದೆ ಜಂಬ ಕೂಡ ಕೊಚ್ಚಿದ್ದೆ. ಈಗ ಅದು ಕಿವಿಗೆ ಬಿದ್ದರೆ ತೊಲೆಗೆ ತೂಗಾಡುವ ಗಿಟಾರು ಕಣ್ಣ ಮುಂದೆ ಬರುತ್ತಿತ್ತು.

ಪ್ರತಿ ಭಾನುವಾರ ಅಜ್ಜ ತೂಗಾಡುವ ಗಿಟಾರನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದರು. "ನೀರು ಇನ್ನಾ ಐತೆ. ಅಲ್ಲಿ ಮನ್ಯಾಗ ಏನಾರ ಆತಾ?" "ಇಲ್ಲ ಅಜ್ಜಾರೆ." "ಇಲ್ಲೂ ಇಲ್ಲ."

ಸಂಕ್ರಾಂತಿ ಕಳೆದ ಮೊದಲ ಭಾನುವಾರ ನಾನು ಅವಸರದಲ್ಲಿ ಸ್ಕಾರ್ಫ್ ಮರೆತು ಹೊರಟಿದ್ದೆ. ಸುಜಾತ ಅದನ್ನು ಕೊಡಲು ಆಟೋ ಮಾಡಿಕೊಂಡು ಕೊಂಡಜ್ಜಿಗೆ ಹೋದಳು. ಅಲ್ಲಿ ಕೆರೆಯಿತ್ತು, ಮೈದಾನವಿತ್ತು, ಮೈದಾನದಲ್ಲಿ ನಾಲ್ಕು ಎಮ್ಮೆಗಳಿದ್ದವು. ಅವ್ವನಿಗೆ ಫೋನ್ ಮಾಡಿದಳು. ಅವ್ವ ಒಂದೇ ನಿಮಿಷಕ್ಕೆ ಬಾಯಿ ಬಿಟ್ಟಳು, ಹರಕೆಯ ಸಮೇತ.

ನಾನು ಚಡ್ಡಿಯಲ್ಲಿ ಕೂತು ಮಿರ್ಚಿ ಕಚ್ಚುತ್ತಿದ್ದಾಗ ಸುಜಾತ ಸ್ಕಾರ್ಫ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಮೂರು ತಿಂಗಳಿಂದ ಇಸ್ತ್ರಿ ಹಾಕ್ತಿದೀನ್ರಿ ನಾನು" ಎಂದಳು. "ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಆ ಆಟೋದವನ ಮುಂದೆ ನನ್ನ ಮರ್ಯಾದಿ ಏನಾಗಿರಬೇಕು?"

ನಾನು ಆಸೆಯಿಂದ ಅಜ್ಜನ ಕಡೆ ನೋಡಿದೆ. ಅಜ್ಜ ತಲೆಯಾಡಿಸಿದರು. "ಇದು ಸುಳ್ಳಿನ ಮ್ಯಾಲಿನ ಸಿಟ್ಟು. ಗಿಟಾರಿಂದಲ್ಲ. ಲೆಕ್ಕಕ್ಕಿಲ್ಲ." ಆಮೇಲೆ ಅವಳಿಗೆ, "ಕೂಡ್ರಿ ತಾಯಿ. ನಿಮ್ಮ ವಸ್ತು ಇಲ್ಲೈತೆ, ನೋಡ್ರಿ" ಎಂದು ಹಗ್ಗ ಬಿಚ್ಚಿ ಗಿಟಾರನ್ನು ಅವಳ ತೊಡೆಯ ಮೇಲಿಟ್ಟರು.

"ಕುತ್ತಿಗಿ ಕೂಡಿಸಬೋದು. ಹೊಟ್ಟಿ ಹಲಗಿ ಹೋಗೈತೆ, ಬ್ಯಾರೇದು ಹಾಕಬೇಕು. ಮಾಡಿದ್ರೂ ಮೊದಲಿನ ದನಿ ಬರಂಗಿಲ್ಲ. ಸುಮ್ಮನ ಹೇಳಲ್ಲ ನಾನು. ಅಂಗಡ್ಯಾಗ ಹೊಸದು ಸಿಗತೈತೆ. ಏನು ಮಾಡೋಣ?"

"ಮಾಡೋಣ ಅಜ್ಜಾರೆ, ಅವಳು ನುಡಿಸ್ತಾಳೆ" ಎಂದೆ ನಾನು.

"ನಿಮ್ಮನ್ನ ಕೇಳಿಲ್ಲ."

ಸುಜಾತ ಮುರಿದ ಕುತ್ತಿಗೆಯನ್ನು ಎಡಗೈಯಲ್ಲಿ ಹಿಡಿದಳು. ತಂತಿಯಿಲ್ಲದ ಕಡೆ ಬೆರಳುಗಳು ತಮ್ಮಷ್ಟಕ್ಕೆ ಯಾವುದೋ ಜಾಗಕ್ಕೆ ಹೋಗಿ ಕೂತವು. ಬಾಯಿ ತೆರೆದಳು. "ಹೋಗ್ಲಿ" ಎಂದಳು. "ಬಿಡ್ರಿ" ಎಂದು ಬರಲಿಲ್ಲ.

"ಗಾಲಿ ಎರಡು, ನಿಂಬೆಹಣ್ಣು ಎರಡು. ಮೂರನೇದರ ಮ್ಯಾಲೆ ಯಾಕ್ರೀ ಹತ್ತಿಸಿದ್ರಿ?" ಎಂದಳು. "ಅತ್ತೆಯೋರಿಗೆ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ವಾ? ಎರಡು ವರ್ಷ ಹಾಸ್ಟೆಲ್ಲಿನಾಗೆ ಸಂಜಿ ತಿಂಡಿ ಬಿಟ್ಟು ತಗಂಡಿದ್ದೆ ಇದನ್ನ. ಚೆನ್ನಾಗಿ ನುಡಿಸ್ತಾಳೆ ಅಂತ ಬಂದೋರಿಗೆಲ್ಲ ಹೇಳ್ತೀರಲ್ಲ, ನೀವು ಯಾವತ್ತು ಕೇಳೀರಿ? ಮದುವಿ ಆಗಿ ಎರಡನೇ ವಾರ, ನೀವು ಪೇಪರ್ ಓದ್ತಿದ್ರಿ, ನಾನು ನಿಮಗೆ ಕೇಳ್ಲಿ ಅಂತ್ಲೇ ಒಳಗೆ ಕುಂತು ನುಡಿಸಿದೆ. ನೀವು ಪೇಪರ್ ಕೆಳಗಿಟ್ಟು ಏನಂದ್ರಿ ಹೇಳ್ರಿ."

ನನಗೆ ನೆನಪಿರಲಿಲ್ಲ.

"ಫ್ಯಾನ್ ಯಾಕೋ ಸದ್ದು ಮಾಡ್ತೈತೆ, ಎಣ್ಣಿ ಬಿಡಬೇಕು ಅಂದ್ರಿ. ಸ್ಟೂಲ್ ಹಾಕಿ ಹತ್ತಿದ್ರಿ ಬ್ಯಾರೆ. ಶಬ್ದದ ಪಾಠ ಮಾಡೋ ಮೇಷ್ಟ್ರು. ಅವತ್ತು ಬೀರು ಮ್ಯಾಲೆ ಇಟ್ಟೆ ನೋಡ್ರಿ ಇದನ್ನ."

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಹನ್ನೊಂದು ವರ್ಷದ್ದನ್ನು ಒಂದೂ ಬಿಡದೆ ಹೇಳಿದಳು, ಕಣ್ಣು ಒರೆಸಿಕೊಂಡು ಮತ್ತೆ ಹೇಳಿದಳು. ಅಜ್ಜಿ ನೀರು ತಂದುಕೊಟ್ಟು, ಕುಡಿದು ಮುಂದುವರಿಸುವಂತೆ ಕೈಸನ್ನೆ ಮಾಡಿದರು. ನಾನು ಚಡ್ಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಅಷ್ಟು ಹಗುರವೂ ಆಗಿರಲಿಲ್ಲ. ಅವಳ ಮಾತು ಮುಗಿಯುವ ಹೊತ್ತಿಗೆ ಅಜ್ಜ ಕಾರ್ಖಾನೆಯ ಉದ್ದ ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟು, ಹುಡುಕಿ ಹುಡುಕಿ ಒಂದು ಸಾಧಾರಣ ಪಟ್ಟಿಯನ್ನು ತೆಗೆದು ಒರೆಸುತ್ತಿದ್ದರು. "ಮಾಡೋಣ್ರಿ" ಎಂದರು.

ಯುಗಾದಿಯ ಹೊತ್ತಿಗೆ ಗಿಟಾರು ಸಿದ್ಧವಾಯಿತು. ನೋಡಲು ಚೆಂದವಿರಲಿಲ್ಲ. ಹಳೆಯ ಹಾರ್ಮೋನಿಯಂ ಒಂದರ ಹಲಗೆ ಹಾಕಿದ್ದರು, ಕುತ್ತಿಗೆಯ ಹಿಂದೆ ಬೆರಳಿಗೆ ಸಿಗುವ ಒಂದು ಗಂಟು ಉಳಿದಿತ್ತು, ದನಿ ನೆಗಡಿಯಾದವರ ದನಿಯಂತಿತ್ತು. ಬೆನ್ನಿಗೆ ಬಡಗಿ ಪೆನ್ಸಿಲಿನಲ್ಲಿ 'ನೀರು ತಾಗಿಸಬಾರದು' ಎಂದು ಬರೆದಿದ್ದರು. ಅವ್ವ ಅದನ್ನು ಓದಿಸಿಕೊಂಡು ಎರಡು ದಿನ ಮುನಿಸಿಕೊಂಡಳು. ಆದರೂ ಉಕ್ಕಡಗಾತ್ರಿಗೆ ಹೋಗಿ ಕಾಯಿ ಒಡೆಸಿ ಬಂದಳು.

ಸುಜಾತ ತಿಂಗಳಿಗೊಮ್ಮೆ ತಂತಿಯದೋ ಬಿಗಿಯದೋ ನೆಪ ಹೇಳಿ ಹರಿಹರಕ್ಕೆ ಹೋಗುತ್ತಿದ್ದಳು. ಅಜ್ಜನಿಗೆ ನುಡಿಸಿ ತೋರಿಸುತ್ತಿದ್ದಳು. "ಇಲ್ಲಿ ಸ್ವಲ್ಪ ಗೊರ್ ಅಂತೈತೆ" ಎಂದು ಅವರು ತಪ್ಪು ಹುಡುಕುತ್ತಿದ್ದರು, ಅವಳು ಜಗಳ ತೆಗೆಯುತ್ತಿದ್ದಳು, ಅಜ್ಜಿ ಇಬ್ಬರಿಗೂ ಮಂಡಕ್ಕಿ ಕೊಡುತ್ತಿದ್ದರು. ಹೀಗೆ ಮೂರು ವರ್ಷ ನಡೆಯಿತು.

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅಜ್ಜಿಯ ಫೋನ್ ಬಂತು. ಅಜ್ಜ ಹೋಗಿದ್ದರು. ಎದೆ ನೋವು ಎಂದು ಎಂಟು ದಿನದಿಂದ ಒದ್ದಾಡುತ್ತಿದ್ದರಂತೆ, ಯಾರಿಗೂ ಹೇಳಬೇಡ ಎಂದಿದ್ದರಂತೆ. ಸುಜಾತಳಿಗೆ ಸೋಮವಾರ ಬನ್ನಿ, ಮೂರನೇ ತಂತಿ ನೋಡೋಣ ಎಂದು ಅವರೇ ಹೇಳಿದ್ದರು.

ನಾವು ಸ್ಕೂಟರಿನಲ್ಲಿ ಹೊರಟೆವು. ವಿದ್ಯಾನಗರ ದಾಟಿದೆವು. ಆಮೇಲೆ ನನ್ನ ಬೆನ್ನ ಹಿಂದೆ ಶುರುವಾಯಿತು. "ಸೋಮವಾರ ಬಾ ಅಂದ ಮನುಷ್ಯ ಶನಿವಾರ ಹೋಗೋದೇನ್ರೀ? ಊರೋರ ಪೆಟ್ಟಿಗಿ ಎಲ್ಲ ಬಿಚ್ಚಿ ಬಿಚ್ಚಿ ನೋಡ್ತಾರೆ, ತಮ್ಮ ಎದಿ ಒಂದು ತೋರಿಸ್ಬಾರ್ದಾ? ಯಾರಿಗೂ ಹೇಳಬ್ಯಾಡ ಅನ್ನಾಕೆ ಇವರ್ಯಾರು? ಬುದ್ಧಿ ಐತೇನ್ರೀ ಅವರಿಗೆ?" ಅವಳ ದನಿ ಒಡೆಯುತ್ತಿತ್ತು, ಅವಳು ಮತ್ತೆ ಕೂಡಿಸಿಕೊಂಡು ಬೈಯುತ್ತಿದ್ದಳು. ಪಕ್ಕದಲ್ಲಿ ಹೋಗುವ ಗಾಡಿಯವರು ನಾನೇನೋ ದೊಡ್ಡ ತಪ್ಪು ಮಾಡಿರಬೇಕೆಂದು ನನ್ನನ್ನು ಕನಿಕರದಿಂದ ನೋಡಿದರು. ಹರಿಹರ ಇನ್ನು ಸ್ವಲ್ಪ ದೂರವಿತ್ತು. ನಾನು ಗಾಡಿಯನ್ನು ನಿಧಾನ ಮಾಡಿದೆ.